ತೊಟ್ಟಿಯೊಳಗಿನ ದರ್ಜಿ

“ಇದಕ್ಕೆ ಕಾಲರ್ ಅಂತಾರೇನೆ, ಬೋಸುಡಿ? ಹಸು ನೆಕ್ಕಿ ಬಿಟ್ಟಂಗಿದೆ!”

ಗಾಸ್ತೋನ್ ಎಸೆದ ಅಂಗಿ ಅಗಸಗಿತ್ತಿ ಲಿಯೊಂತೀನಳ ಮುಖಕ್ಕೆ ಬಡಿಯಿತು. ಅವಳು ಅದರಲ್ಲೇ ನಿಧಾನವಾಗಿ ಮೂಗೊರೆಸಿಕೊಂಡು ಕೊಳೆಬಟ್ಟೆಯ ಬುಟ್ಟಿಗೆ ಹಾಕಿದಳು. ಜರ್ಮನ್ನರು ಬಂದು ಊರು ಹಿಡಿಯುವ ಮುಂಚೆ ಈ ಗಾಸ್ತೋನ್ ಮೂರೂರ ಕೋಳಿ ಕದ್ದವನು, ಈಗ ಅವರ ಪೊಲೀಸ.

ಅವನ ಬೆನ್ನಿಗೆ ಆರು ಸಿಪಾಯಿಗಳ ಜೊತೆ ಜರ್ಮನ್ ಕ್ಯಾಪ್ಟನ್ ಹಾಸೆನ್. ಕ್ಯಾಪ್ಟನ್ನನ ಬೂಟು ಎಷ್ಟು ಮಿರುಗುತ್ತಿತ್ತೆಂದರೆ, ಮುಖ ನೋಡಿಕೊಳ್ಳಲು ಹೊಳೆಯಾಚೆಯ ಕಾಗೆಗಳೂ ಹಾರಿ ಬರುತ್ತಿದ್ದವು. ನಾಳೆಯ ರೈಲಿಗೆ ತುಂಬಬೇಕಾದ ಯಹೂದಿಗಳ ಪಟ್ಟಿಯಲ್ಲಿ ಅವನಿಗೆ ಒಂದು ತಲೆ ಕಡಿಮೆ ಬಿದ್ದಿತ್ತು: ನಲವತ್ತು ವರ್ಷ ಇಡೀ ಊರಿನ ಕುಂಡೆ ಅಳೆದು ಚಲ್ಲಣ ಹೊಲಿದಿದ್ದ ಮುದುಕ ಲಾಜಾರ್.

ಲಾಜಾರ್ ಎಲ್ಲಿಗೂ ಹೋಗಿರಲಿಲ್ಲ. ಎರಡು ಮಾರು ದೂರದ ಮರದ ತೊಟ್ಟಿಯಲ್ಲಿ, ಕ್ಯಾಪ್ಟನ್ನನ ಹಾಸಿಗೆ ಬಟ್ಟೆ, ಒಳಬಟ್ಟೆಗಳ ಕೆಳಗೆ, ಮಡಿಸಿಟ್ಟ ಕೊಡೆಯಂತೆ ಕೂತಿದ್ದ. ಆ ತೊಟ್ಟಿಯಲ್ಲಿ ಬಿಷಪ್ಪರನ್ನು ಕುದುರೆಗಾಡಿ ಸಮೇತ ನೆನೆಹಾಕಬಹುದಿತ್ತು. ಲಾಜಾರ್ ಮುಳುಗದಿರಲೆಂದು ಲಿಯೊಂತೀನ್ ತೂಬು ತೆಗೆದು ನೀರು ಬಸಿದಿಟ್ಟಿದ್ದಳು.

ಆ ಸೀಮೆಯ ದೊಡ್ಡ ಒಗೆತ ಮೂರು ದಿನದ್ದು. ಮೊದಲ ದಿನ ನೆನೆಹಾಕುವುದು. ಎರಡನೆಯ ದಿನ ಬಿಸಿ ಬೂದಿನೀರು ಹುಯ್ದು ಬೇಯಿಸುವುದು. ಮೂರನೆಯ ದಿನ ಹೊಳೆಯಲ್ಲಿ ಜಾಲಿಸುವುದು. ಇದು ಮೊದಲ ದಿನ. ಆದರೆ ಪಕ್ಕದ ಒಲೆಯ ಮೇಲೆ ಆಸ್ಪತ್ರೆಯ ಗಾಯದ ಪಟ್ಟಿಗಳಿಗೆಂದು ಬೂದಿನೀರು ಕೊತಕೊತ ಕುದಿಯುತ್ತಿತ್ತು.

ಗಾಸ್ತೋನನ ಕಣ್ಣು ಒಲೆಯಿಂದ ತೊಟ್ಟಿಗೆ ಹೋಯಿತು.

“ಸಾಹೇಬ್ರೆ, ಕೈ ಯಾಕೆ ಒದ್ದೆ ಮಾಡ್ಕೋತೀರಿ? ಆ ಕುದಿಯೋದನ್ನ ತೊಟ್ಟಿಗೆ ಹುಯ್ಸಿ. ಒಳಗಿದ್ರೆ ಕುಣ್ಕೊಂಡ್ ಎದ್ ಬತ್ತಾನೆ ಮುದಿಯ.”

“ಹುಯ್ಯಿ,” ಎಂದ ಕ್ಯಾಪ್ಟನ್.

ಲಿಯೊಂತೀನ್ ಬಕೆಟ್ಟು ತುಂಬಿದಳು. ಎತ್ತಿನ ಜೋಡಿ ಎಳೆಯಲಾರದ ಹಸಿಬಟ್ಟೆ ಹೊತ್ತ ತೋಳುಗಳು ಅವು. ಆ ಒಂದು ಬಕೆಟ್ಟನ್ನು ಎರಡು ಮಾರಿನಲ್ಲಿ ಎರಡು ಸಲ ಕೆಳಗಿಳಿಸಿದವು. ಜೊತೆಗಾತಿ ಮುದುಕಿ ಕ್ಲೋತಿಲ್ಡ್ ಎದೆಯ ಮೇಲೆ ಶಿಲುಬೆ ಗೀಚಿಕೊಂಡಳು.

ತೊಟ್ಟಿಯ ಅಂಚಿಗೆ ಬಕೆಟ್ಟು ತಾಗಿಸಿ ಲಿಯೊಂತೀನ್ ನಿಂತಳು.

“ಹುಯ್ತೀನಿ, ನಂಗೇನು? ಕಲೆ ಮಾತ್ರ ಬೆಂದು ಕೂತ್ಬಿಡ್ತದೆ, ಸಾಯೋತನ್ಕ ಹೋಗಲ್ಲ. ಮೊದಲ ನೀರು ಉಗುರುಬೆಚ್ಚಗಿರ್ಬೇಕು. ಲೇ ಗಾಸ್ತೋನ, ನಿಮ್ಮವ್ವ ಇದೇ ಕಲ್ಲ ಮೇಲೆ ಬಟ್ಟೆ ಕುಕ್ಕಿ ನಿನ್ನ ಸಾಕಿದ್ಳಲ್ಲ, ಹೌದೋ ಅಲ್ವೋ ಹೇಳೋ!”

ಗಾಸ್ತೋನ್ ತಲೆ ಕೆರೆದುಕೊಂಡ. “ಹೌದು ಸಾಹೇಬ್ರೆ... ಅದೊಂದು ನಿಜ.”

“ಯಾವ ಕಲೆ?” ಎಂದ ಕ್ಯಾಪ್ಟನ್.

ಲಿಯೊಂತೀನ್ ಬಕೆಟ್ಟು ಕೆಳಗಿಟ್ಟು, ತೊಟ್ಟಿಯ ಮೇಲಿದ್ದ ಕ್ಯಾಪ್ಟನ್ನನ ಚಡ್ಡಿಯನ್ನು ಎಳೆದು ಸಿಪಾಯಿಗಳೆದುರು ಎರಡೂ ಕೈಯಲ್ಲಿ ಅಗಲಿಸಿದಳು.

“ಇದು ಭಾನುವಾರ ತಮ್ಮ ಹೊಟ್ಟೆ ಕೆಟ್ಟಾಗಿಂದು. ಇದು ವೈನು. ಈ ಕೆಂಪು ತುಟಿಬಣ್ಣದ್ದು. ಹೆಂಡ್ತಿಯೋರು ಬರ್ಲಿನ್ನಲ್ಲವ್ರೆ ಅಂದಿದ್ರಿ? ಅಲ್ಲಿಂದ್ಲೇ ಮುತ್ತು ಕೊಡ್ತಾರಾ? ಹಿಂಗೇ ಇಪ್ಪತ್ನಾಲ್ಕವೆ, ಒಂದೊಂದೇ ತೆಗೆದು ತೋರ್ಸ್ಲಾ?”

ಆರು ಸಿಪಾಯಿಗಳಲ್ಲಿ ಒಬ್ಬ ಮೂಗಿನಲ್ಲಿ ನಕ್ಕ. ಉಳಿದ ಐವರಿಗೂ ಹತ್ತಿತು. ಆ ನಗೆಗೆ ಛಾವಣಿಯ ಮುನ್ನೂರು ಹೆಂಚು ಸರಿದವು, ಚರ್ಚಿನ ಗಂಟೆ ತಾನೇ ಬಾರಿಸಿತು.

ಕ್ಯಾಪ್ಟನ್ನನ ಬೆತ್ತ ಲಿಯೊಂತೀನಳ ಬಾಯಿಗೆ ಬಿತ್ತು. ಹಲ್ಲೊಂದು ಅವನ ಬೂಟಿನ ಮೇಲೆ ಉದುರಿತು.

“ಹುಯ್ಯಬೇಡ. ಸಂಜೆಯೊಳಗೆ ಕಲೆ ಹೋಗದಿದ್ದರೆ ನಾಳೆಯ ರೈಲಿಗೆ ನೀನು,” ಎಂದು ಅವನು ಹೊರಟ. ಗಾಸ್ತೋನನ ಕುಂಡೆಗೆ ಒದ್ದೇ ಹೊರಟ.

ತೊಟ್ಟಿಯಿಂದ ಲಾಜಾರನ ಬಿಳಿಗಡ್ಡ ಮೇಲೆದ್ದಿತು. “ಲಿಯೊಂತೀನವ್ವಾ, ಆ ಚಡ್ಡಿ ಹೊಲಿದ ಬೇವರ್ಸಿ ಯಾರು? ನಡು ಹೊಲಿಗೆ ಸೊಟ್ಟಗದೆ.”

“ಬಾಯ್ ಮುಚ್ಕೊಂಡ್ ಗಾಡೀಲಿ ಮಲ್ಕೊಳೊ ಮುದಿಯ!” ಎಂದಳು ಲಿಯೊಂತೀನ್, ರಕ್ತ ಉಗಿದು. ಹೊಳೆಯ ಆಚೆ ದಡದಲ್ಲಿ ಜರ್ಮನ್ನರಿರಲಿಲ್ಲ. ಈಚೆಯ ಜೊಂಡಿನಲ್ಲಿ ಕ್ಲೋತಿಲ್ಡಳ ಗಂಡನ ದೋಣಿಯಿತ್ತು.

ಹೆಂಗಸರಿಬ್ಬರೂ ಮುದುಕನ ಮೇಲೆ ಹಸಿಬಟ್ಟೆ ಪೇರಿಸಿ ಕೈಗಾಡಿ ತಳ್ಳಿದರು. ಹೊಳೆಯ ಮೆಟ್ಟಿಲಲ್ಲಿ ಜರ್ಮನ್ ಕಾವಲಿನವನೊಬ್ಬ ಅಡ್ಡ ಬಂದ. ಬಂದೂಕಿನ ಬಾಯಿಗೆ ಸಿಕ್ಕಿಸಿದ ಕತ್ತಿಯನ್ನು ರಾಶಿಗೆ ಚುಚ್ಚಲು ಬಗ್ಗಿಸಿದ.

ಲಿಯೊಂತೀನ್ ಕತ್ತಿಯನ್ನು ಬರಿಗೈಯಲ್ಲಿ ಹಿಡಿದು ಮೇಲೆತ್ತಿದಳು. ರಾಶಿಯಿಂದ ನೀರು ಸುರಿಯುವ ದುಪ್ಪಟಿಯೊಂದನ್ನು ಎಳೆದು ಅದರ ಮೇಲೆ ಹರವಿದಳು.

“ಸುಮ್ನೆ ನಿಂತಿದ್ದೀಯಲ್ಲ, ಹಿಡ್ಕೋ. ಒಣಗ್ಲಿ.”

ಕಾವಲಿನವನು ದುಪ್ಪಟಿಯ ಸಮೇತ ಬಂದೂಕು ಹಿಡಿದು ನಿಂತಿರಲು, ಲಿಯೊಂತೀನ್ ಅಂಗೈಯ ರಕ್ತವನ್ನು ಲಂಗಕ್ಕೆ ಒರೆಸಿ, ಹಿಂದೆ ನೋಡದೆ, ಗಾಡಿಯನ್ನು ದೋಣಿಯಿದ್ದ ಜೊಂಡಿನೊಳಕ್ಕೆ ನುಗ್ಗಿಸಿದಳು.