ರಸ್ತೆಗೆ ಚೆಂದದ ಹೊಲ

ನಮ್ಮ ಅಯೋವಾದಲ್ಲಿ ಭಾನುವಾರ ಚರ್ಚ್ ಮುಗಿದ ಮೇಲೆ ಗಂಡಸರು ಪಿಕಪ್ ಹತ್ತಿ, ಕಿಟಕಿಯಿಂದಲೇ ಅವರಿವರ ಹೊಲ ನೋಡುತ್ತ ನಿಧಾನವಾಗಿ ಸುತ್ತುತ್ತಾರೆ. ಸೋಯಾ ಸಾಲುಗಳ ನಡುವೆ ಮಣ್ಣು ಕಂಡರೆ ರೈತ ಸೋಮಾರಿ, ಎಲೆಗಳು ಬೇಗ ಕೂಡಿಕೊಂಡರೆ ಜಾಣ. ನನ್ನ ಮೈದುನ ಡೆಲ್ಬರ್ಟ್ ಬೇಸಾಯ ಮಾಡುವುದೇ ಆ ಕಿಟಕಿಗಳಿಗಾಗಿ.

ಅಪ್ಪ ನನಗೆ ಬಿಟ್ಟುಹೋದ ಹಳ್ಳದ ಬದಿಯ ಹೊಲವನ್ನು ಈ ವರ್ಷ ಅವನಿಗೆ ಗುತ್ತಿಗೆಗೆ ಕೊಟ್ಟಿದ್ದೆ. ಆ ತಗ್ಗು ನೆಲದಲ್ಲಿ, ಗಿಡದ ಕಾಂಡ ಕೊಳೆಸುವ ಬಿಳಿ ಬೂಷ್ಟಿನ ಕಾಟ ಹಳೆಯದು. ಗಾಳಿಯಾಡುವಂತೆ ಮೂವತ್ತು ಇಂಚಿಗೊಂದು ಸಾಲು ಬಿಡು, ಬೀಜ ಕಡಿಮೆ ಹಾಕು ಎಂದಿದ್ದೆ. ದಿಬ್ಬದ ಮೇಲಿನ ಹೊಲಗಳಲ್ಲಿ ಹತ್ತಿರದ ಸಾಲೇ ಹೆಚ್ಚು ಇಳುವರಿ ಕೊಡುತ್ತದೆ, ಅದನ್ನು ನಾನು ಅಲ್ಲಗಳೆದಿರಲಿಲ್ಲ. ಕಾಲೇಜಿನಲ್ಲಿ ಓದಿದವರಿಗೆ ಪುಕ್ಕಲು ಜಾಸ್ತಿ ಎಂದು ಡೆಲ್ಬರ್ಟ್ ನಕ್ಕ. ಏಳೂವರೆ ಇಂಚಿಗೊಂದು ಸಾಲಿನಂತೆ, ಕೋಳಿಗಳಿಗೆ ಕಾಳು ಎರಚಿದ ಹಾಗೆ ಬಿತ್ತಿದ.

ಜುಲೈ ಹೊತ್ತಿಗೆ ಹೊಲ ಹಸಿರು ಹಾಸಾಯಿತು. ಪಿಕಪ್‌ಗಳು ನಿಂತು ನೋಡಿ ಮುಂದೆ ಹೋದವು. ನಾನು ಮಾತ್ರ ಒಳಗೆ ನಡೆದು ಎಲೆ ಸರಿಸಿ ನೋಡುತ್ತಿದ್ದೆ. ಮಧ್ಯಾಹ್ನವಾದರೂ ಬುಡದ ಇಬ್ಬನಿ ಆರಿರುತ್ತಿರಲಿಲ್ಲ. ಹೂ ಬಿಡುವಾಗ ಹೀಗೆ ಒದ್ದೆಯಾಗಿದ್ದರೆ ಬೂಷ್ಟು ಹಿಡಿಯುತ್ತದೆಂದು ನನಗೆ ಗೊತ್ತಿತ್ತು. ಹೇಳಿದ್ದಕ್ಕೆ ಅವನು ಕೈ ಕೊಡವಿದ.

ಆಗಸ್ಟ್ ಕೊನೆಯ ಭಾನುವಾರ ಡೆಲ್ಬರ್ಟ್ ನೆರೆಯ ಹಾರ್ಲನ್‌ನನ್ನು ಬೇಲಿಯ ಹತ್ತಿರ ಕರೆತಂದು, ಅವನೆದುರೇ ನನ್ನನ್ನು ಕೇಳಿದ.

"ಏನು ಮಾರ್ಲಿಸ್, ಮುಂದಿನ ವರ್ಷಾನೂ ಹೊಲ ನಂಗೇ ತಾನೆ? ಈ ರಸ್ತೆ ಉದ್ದಕ್ಕೂ ಇಂಥದ್ದು ಇನ್ನೊಂದು ತೋರ್ಸು ನೋಡೋಣ."

ನಾನು ಹೊಲದೊಳಗೆ ಹೋಗಿ ಒಂದು ಹಿಡಿ ಗಿಡ ಕಿತ್ತು ತಂದು ಅವನ ಪಿಕಪ್‌ನ ಬಾನೆಟ್ ಮೇಲೆ ಹಾಕಿದೆ. ಕಾಂಡದ ಸುತ್ತ ಒದ್ದೆ ಹತ್ತಿಯಂಥ ಬೂಷ್ಟು ಬೆರಳಿಗೆ ಮೆತ್ತಿಕೊಂಡಿತು. ಕಾಯಿಗಳೆಲ್ಲ ಜೊಳ್ಳು. ಕಾಂಡ ಸೀಳಿದೆ. ಒಳಗಿನಿಂದ ಇಲಿ ಹಿಕ್ಕೆಯಂಥ ಕರಿ ಗಂಟುಗಳು ಉದುರಿದವು. ಹಾರ್ಲನ್ ಮುಖ ಕಿವುಚಿ ಹಿಂದೆ ಸರಿದ.

"ತೆಗಿ ಅದನ್ನ, ಈಗಷ್ಟೇ ಗಾಡಿ ತೊಳ್ದಿದೀನಿ," ಎಂದ ಡೆಲ್ಬರ್ಟ್. "ರಸ್ತೆಯಿಂದ ನೋಡಿದ್ರೆ ಯಾರಿಗ್ ಕಾಣತ್ತೆ?"

ಬೂಷ್ಟಿಗೆ ಬೀಜವಿದ್ದ ಹಾಗೆ ಆ ಗಂಟುಗಳು, ವರ್ಷಗಟ್ಟಲೆ ಮಣ್ಣಿನಲ್ಲಿ ಕಾದು ಕೂರುತ್ತವೆ.

"ಕೊಯ್ಲು ಮುಗಿಸ್ಕೊಂಡು ಹೋಗು," ಎಂದೆ. "ಮುಂದಿನ ವರ್ಷ ಈ ಹೊಲ ನಿಂಗಿಲ್ಲ."

ಅವನು ಹಾರ್ಲನ್‌ನತ್ತ ತಿರುಗಿ, ವಸಂತ ಬರುವಷ್ಟರಲ್ಲಿ ಇವಳ ಸಿಟ್ಟು ಇಳಿಯುತ್ತದೆ ಎಂದ. ಡೆಲ್ಬರ್ಟ್ ಗಿಡಗಳನ್ನು ಎರಡು ಬೆರಳಲ್ಲಿ ಎತ್ತಿ, ಬೇಲಿಯಾಚೆ ನನ್ನ ಹೊಲಕ್ಕೇ ಎಸೆದು, ಬಾನೆಟ್ ಒರೆಸತೊಡಗಿದ.