ಸಬೀಹಾ ಹೆಸರಿನ ಹಾಜರಿ

ಮೂಡುಬಿದಿರೆಯ ಆ ಸಣ್ಣ ಜಾನಪದ ಸಂಗ್ರಹಾಲಯದಲ್ಲಿ ವೈಫೈ ಇದ್ದದ್ದು ಆಫೀಸಿಗೆ ಮಾತ್ರ. ಪಾಸ್‌ವರ್ಡ್ ಕಾರ್ಯದರ್ಶಿಗೂ ಕಂಪ್ಯೂಟರ್ ನೋಡಿಕೊಳ್ಳುವ ಸಬೀಹಾಳಿಗೂ ಗೊತ್ತು. ಹಿಂದಿನ ಕೋಣೆಗಳಲ್ಲಿ ನೇಗಿಲು, ಮರದ ಪಾತ್ರೆಗಳನ್ನು ಜನರಿಗೆ ತೋರಿಸುವ ಧರ್ಣಪ್ಪನವರಿಗೆ ಅದನ್ನು ಹೇಳಿರಲಿಲ್ಲ. ಮುರಕಲ್ಲಿನ ಆ ದಪ್ಪ ಗೋಡೆಗಳೊಳಗೆ ಅವರ ಮೊಬೈಲಿಗೆ ಸಿಗ್ನಲ್ಲೂ ಸಿಗುತ್ತಿರಲಿಲ್ಲ.

ಹಳೆಯ ವಸ್ತುಗಳನ್ನು ಕಾಪಾಡುವ ಬಗ್ಗೆ ಆನ್‌ಲೈನ್ ತರಬೇತಿ ಮುಗಿಸಿದವರನ್ನು ಮಾತ್ರ ಕೆಲಸದಲ್ಲಿ ಮುಂದುವರಿಸುವುದೆಂದು ಸಂಗ್ರಹಾಲಯದ ಟ್ರಸ್ಟ್ ಈ ವರ್ಷ ತೀರ್ಮಾನಿಸಿತು. ಆಫೀಸಿನವರಿಗೆ ಆ ನಿಯಮ ಇರಲಿಲ್ಲ. ಮೊದಲ ತರಗತಿಗೆ ಧರ್ಣಪ್ಪ ಕೋಣೆಗಳಿಗೆ ಬೀಗ ಹಾಕಿ, ಸಿಗ್ನಲ್ ಸಿಗುವ ರಸ್ತೆಗೆ ಹೋಗಿ ನಿಂತರು. ಅಷ್ಟರಲ್ಲಿ ಬೆಳ್ತಂಗಡಿಯಿಂದ ಬಂದ ಶಾಲೆಯ ಮಕ್ಕಳು ಬೀಗ ನೋಡಿ ವಾಪಸು ಹೋದರು. ಸಂಜೆ ಬಂದ ಕಾರ್ಯದರ್ಶಿ ಬೈದರು.

"ಅಲ್ಲಿ ನಿಂತರೆ ಇಲ್ಲಿ ಬೈಗುಳ, ಇಲ್ಲಿ ನಿಂತರೆ ಅಲ್ಲಿ ಗೈರು. ನನ್ನನ್ನು ಎರಡು ಮಾಡಿ ಕೊಡ್ತೀರಾ ಮೇಡಂ?" ಎಂದು ಧರ್ಣಪ್ಪ ಸಬೀಹಾಳನ್ನು ಕೇಳಿ ನಕ್ಕರು.

"ಪಾಸ್‌ವರ್ಡ್ ಕೊಟ್ಟರೆ ನನ್ನನ್ನು ಓಡಿಸ್ತಾರೆ ಧರ್ಣಪ್ಪಣ್ಣ. ನೀವು ನನ್ನ ಕುರ್ಚಿಯಲ್ಲಿ ಕೂತ್ಕೊಳ್ಳಿ. ಕೋಣೆ ನಾನು ನೋಡ್ತೇನೆ."

"ನೀವು ನೇಗಿಲನ್ನು ನೊಗ ಅಂತ ಹೇಳಿಬಿಟ್ಟರೆ?"

"ಬಂದವರಿಗೂ ಗೊತ್ತಿರುವುದಿಲ್ಲ ಮಾರಾಯ್ರೆ!"

ಉಳಿದ ತರಗತಿಗಳಿಗೆಲ್ಲ ಧರ್ಣಪ್ಪ ಅವಳ ಕುರ್ಚಿಯಲ್ಲಿ ಕೂತರು. ಗೆದ್ದಲು ಹಿಡಿದ ಮರದ ಬಗ್ಗೆ ಪಾಠ ಕೇಳಿದರು, ಕೊನೆಯ ಪರೀಕ್ಷೆಯನ್ನೂ ಬರೆದರು. ಪ್ರಮಾಣಪತ್ರ ಬಂದಾಗ ಅದರಲ್ಲಿ ಸಬೀಹಾಳ ಹೆಸರಿತ್ತು. ಕಂಪ್ಯೂಟರಿನಲ್ಲಿ ತೆರೆದಿದ್ದದ್ದು ಅವಳ ಇಮೇಲ್ ಖಾತೆ. ದಿನವೂ ತರಗತಿಯ ಲಿಂಕ್ ಒತ್ತಿಕೊಟ್ಟವಳು ಅವಳೇ, ಆದರೂ ಅದು ಹೊಳೆದಿರಲಿಲ್ಲ. ಧರ್ಣಪ್ಪನವರ ಹೆಸರಿನ ಮುಂದೆ ಮೊದಲ ದಿನ ಬಿಟ್ಟು ಉಳಿದ ದಿನವೆಲ್ಲ ಗೈರು.

ತರಬೇತಿಯವರಿಗೆ ಫೋನ್ ಮಾಡಿದಳು. ಹೆಸರು ಬದಲಿಸಲು ಆಗುವುದಿಲ್ಲ, ಬರುವ ವರ್ಷ ಸೇರಲಿ ಎಂದರು.

ಟ್ರಸ್ಟಿನ ಸಭೆಯ ದಿನ ಅವಳು ನಡೆದದ್ದನ್ನು ಹೇಳಲೆಂದು ಒಳಗೆ ಹೊರಟಾಗ ಧರ್ಣಪ್ಪ ಬಾಗಿಲಿಗೆ ಅಡ್ಡ ಬಂದರು.

"ಬೇಡ ಮೇಡಂ. ಹೋಗುವುದಾದರೆ ನನ್ನ ಕೆಲಸ ಹೋಗಲಿ. ಇಬ್ಬರದ್ದೂ ಯಾಕೆ?"

ಸಬೀಹಾಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಹೇಳುವುದು ಸರಿಯೋ ತಪ್ಪೋ ಎಂದು ಆಗಲೂ ಅವಳಿಗೆ ಖಚಿತವಿರಲಿಲ್ಲ. ಆದರೂ ಅವರನ್ನು ದಾಟಿ ಒಳಗೆ ಹೋದಳು. ತರಗತಿ ಕೇಳಿದ್ದು, ಪರೀಕ್ಷೆ ಬರೆದದ್ದು ಧರ್ಣಪ್ಪ ಎಂದು ಎಲ್ಲರ ಎದುರು ಹೇಳಿದಳು.

"ಅಂದರೆ ಕೆಲಸದ ಹೊತ್ತಿನಲ್ಲಿ ನೀವು ಕುರ್ಚಿ ಬಿಟ್ಟಿರಿ," ಎಂದರು ಕಾರ್ಯದರ್ಶಿ. "ಪಾಸ್‌ವರ್ಡನ್ನೂ ಕೊಟ್ಟಿರಬೇಕು."

"ಕೊಟ್ಟಿಲ್ಲ ಸರ್. ಕೊಡಬೇಕಿತ್ತು."

ಕೊನೆಗೆ, ಬರುವ ವರ್ಷ ತರಬೇತಿ ಮುಗಿಸುವ ಷರತ್ತಿನ ಮೇಲೆ ಧರ್ಣಪ್ಪನವರನ್ನು ಉಳಿಸಿಕೊಂಡರು. ಸಬೀಹಾಳನ್ನೂ ತೆಗೆಯಲಿಲ್ಲ.

ಮರುದಿನ ಪಾಸ್‌ವರ್ಡ್ ಬದಲಾಗಿತ್ತು. ಈಗ ದಿನವೂ ಬೆಳಿಗ್ಗೆ ಕಾರ್ಯದರ್ಶಿಯೇ ಬಂದು, ಒಂದು ಕೈ ಅಡ್ಡ ಹಿಡಿದು ಅವಳ ಕಂಪ್ಯೂಟರಿನಲ್ಲಿ ಅದನ್ನು ಒತ್ತುತ್ತಾರೆ. ಅವರು ಮುಗಿಸುವವರೆಗೆ ಸಬೀಹಾ ಎದ್ದು, ಕಿಟಕಿಯ ಕಡೆ ಮುಖ ತಿರುಗಿಸಿ ನಿಲ್ಲುತ್ತಾಳೆ.