ಮೊದಲ ಗುಟುಕು

ಶನಿವಾರಕ್ಕೊಂದು ಗ್ಲಾಸು. ನನ್ನ ಕುಡಿತ ಅಂದರೆ ಇಷ್ಟೇ. ಹೇಳಿದರೆ ಯಾರೂ ನಂಬುವುದಿಲ್ಲ, ಯಾಕೆಂದರೆ ದಿನಕ್ಕೊಂದು ಬಾಟಲಿ ಮುಗಿಸುವವನೂ ಇದನ್ನೇ ಹೇಳುತ್ತಾನೆ. ಆದರೂ ಹೇಳುತ್ತೇನೆ. ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಅಡುಗೆಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ದಪ್ಪ ತಳದ ಸಣ್ಣ ಗ್ಲಾಸಿನಲ್ಲಿ ಎರಡು ಬೆರಳು ರಮ್ಮು, ಅದರ ಮೇಲೆ ಅಷ್ಟೇ ಬಿಸಿನೀರು. ಐಸು ಹಾಕಿದರೆ ರಮ್ಮು ಮುಖ ಮುಚ್ಚಿಕೊಳ್ಳುತ್ತದೆ. ಸೋಡಾ ಹಾಕಿದರೆ ಕುಡಿಯುವುದಕ್ಕಿಂತ ತೇಗುವುದೇ ಜಾಸ್ತಿ. ಬಿಸಿನೀರು ಬಿದ್ದಾಗ ಮಾತ್ರ ಸುಟ್ಟ ಸಕ್ಕರೆಯ ಪರಿಮಳ ಏಳುತ್ತದೆ. ಅರ್ಧ ಗ್ಲಾಸು ಮುಗಿಯುವಷ್ಟರಲ್ಲಿ ಬೀದಿದೀಪ ಹತ್ತುತ್ತದೆ, ಉಳಿದರ್ಧ ಊಟಕ್ಕೆ ಕರೆಯುವ ತನಕ. ಕುಡುಕರ ಸಹವಾಸವಂತೂ ನನಗಾಗದು. ಹೇಳಿದ್ದನ್ನೇ ಹೇಳುತ್ತಾರೆ, ಅದೂ ಹೆಗಲ ಮೇಲೆ ಕೈ ಹಾಕಿಕೊಂಡು.

ಇದನ್ನು ಸಂಯಮ ಅಂತ ಹೊಗಳಬೇಕಾಗಿಲ್ಲ. ಇದು ಕಸುಬಿನಿಂದ ಬಂದ ರುಚಿ. ನಾನು ಮರದ ಸಾಮಾನಿಗೆ ಪಾಲಿಶ್ ಹೊಡೆಯುವವನು. ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ, ಅದನ್ನು ಒದ್ದೆ ಮಾಡಿಕೊಂಡು ಮರದ ಮೇಲೆ ಸುತ್ತು ಸುತ್ತಾಗಿ ಉಜ್ಜುತ್ತಾ ಹೋಗುವುದು. ಒಂದೇ ಸಲ ದಪ್ಪಗೆ ಬಳಿದರೆ ಬಿರುಕು ಬಿಡುತ್ತದೆ. ತೆಳುವಾಗಿ ಒಂದು ಪದರ, ಒಣಗಿದ ಮೇಲೆ ಇನ್ನೊಂದು. ಇಡೀ ಜನ್ಮ ಹೀಗೆ ಉಜ್ಜಿದವನಿಗೆ ಬಾಟಲಿ ಎತ್ತಿ ಗಟಗಟ ಇಳಿಸುವವರನ್ನು ಕಂಡರೆ ಕೋಪ ಬರುತ್ತದೆ, ಒಳ್ಳೆಯ ಮೇಜಿನ ಮೇಲೆ ಡಬ್ಬಿ ಬಣ್ಣ ಸುರಿಯುವವರನ್ನು ಕಂಡ ಹಾಗೆ.

ಗ್ಲಾಸಿನ ಮೊದಲ ಗುಟುಕು ನನ್ನದಲ್ಲ, ನನ್ನ ಹೆಂಡತಿಯದು. ಮದುವೆಯಾದ ಹೊಸದರಲ್ಲಿ "ಇದರಲ್ಲಿ ಅಂಥದ್ದೇನಿದೆ ನೋಡೋಣ" ಅಂತ ಕಸಿದುಕೊಂಡು ಕುಡಿದು ಮುಖ ಕಿವುಚಿದವಳು, ಆಮೇಲೆ ಆ ಹಕ್ಕು ಬಿಟ್ಟುಕೊಡಲೇ ಇಲ್ಲ. ರಮ್ಮಿಗೆ ಶುರುವಾದದ್ದು ನನ್ನ ಎಲ್ಲ ಲೋಟಗಳಿಗೂ ಹಬ್ಬಿತು. ಕಾಫಿ, ಟೀ, ಮಲಗುವ ಮುಂಚಿನ ಹಾಲು, ಯಾವುದೇ ಇರಲಿ ಒಂದು ಗುಟುಕು ಹೀರಿಯೇ ಕೈಗೆ ಕೊಡುತ್ತಿದ್ದಳು. "ಸಕ್ಕರೆ ಸರಿಯಾಗಿದೆಯಾ ನೋಡಿದೆ" ಅನ್ನುತ್ತಿದ್ದಳು. ಸಕ್ಕರೆ ಯಾವಾಗಲೂ ಸರಿಯಾಗಿಯೇ ಇರುತ್ತಿತ್ತು.

ಭಾವ ತೀರಿಕೊಂಡ ಮೇಲೆ ಅಕ್ಕ ಒಂದು ಟ್ರಂಕು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಭಾವ ಕುಡಿದು ಕುಡಿದು ಲಿವರ್ ಹಾಳಾಗಿ, ಹೊಟ್ಟೆ ಊದಿಕೊಂಡು, ಅಕ್ಕನ ಕಣ್ಣೆದುರೇ ಹೋದವರು. ಬಂದ ಮೊದಲ ಶನಿವಾರವೇ ನನ್ನ ಗ್ಲಾಸನ್ನು ಅಕ್ಕ ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಾವನ್ನು ನೋಡಿದವರು ಹಾಗೆ ನೋಡುತ್ತಾರೆ, ಅಲ್ಲಾಡದೆ.

"ಅವರೂ ಮೊದಲು ವಾರಕ್ಕೊಂದೇ ಅಂತಿದ್ರು" ಅಂದಳು.

"ನಾನು ಅವರಲ್ಲ ಅಕ್ಕ."

"ಯಾರೂ ಅವರಾಗಿ ಹುಟ್ಟಲ್ಲ."

ಅವತ್ತೇ ಊಟದ ಹೊತ್ತಿಗೆ ಒಂದು ಪುಡಿಯ ಕತೆ ಹೇಳಿದಳು. ಯಾರೋ ಕೊಟ್ಟಿದ್ದರಂತೆ. ಬಣ್ಣವಿಲ್ಲ, ವಾಸನೆಯಿಲ್ಲ, ಗೊತ್ತಾಗದ ಹಾಗೆ ಕಾಫಿಯಲ್ಲಿ ಹಾಕಿಕೊಟ್ಟರೆ ಕುಡಿತದ ಮೇಲೆ ಹೇಸಿಗೆ ಬರುತ್ತದಂತೆ. "ಗಂಡನಿಗೆ ಕಳ್ಳತನದಲ್ಲಿ ಏನನ್ನೂ ಹಾಕಬಾರದು ಅಂತ ಸುಮ್ಮನಿದ್ದೆ. ಮರ್ಯಾದೆ ಉಳೀತು, ಮನುಷ್ಯ ಉಳೀಲಿಲ್ಲ" ಅಂದಳು. ಪುಡಿ ಏನಾಯಿತು ಅಂತ ನನ್ನ ಹೆಂಡತಿ ಕೇಳಿದಳು. "ಮೋರಿಗೆ ಸುರಿದೆ" ಅಂದಳು ಅಕ್ಕ. "ಅಂಥ ಪುಡಿ ನಿಜವಾಗ್ಲೂ ಇದ್ದಿದ್ರೆ ಬೀದಿಗೊಂದು ಬಾರು ಯಾಕಿರ್ತಿತ್ತು?" ಅಂತ ನಾನು ನಕ್ಕೆ. ಅಕ್ಕ ನಗಲಿಲ್ಲ. ನನ್ನ ಹೆಂಡತಿಯೂ ನಗಲಿಲ್ಲ ಅನ್ನುವುದು ಆಗ ನನ್ನ ಗಮನಕ್ಕೆ ಬಂದಿರಲಿಲ್ಲ.

ಬೆಳಗಿನ ಕಾಫಿಯ ಕೆಲಸವನ್ನು ಅಕ್ಕ ವಹಿಸಿಕೊಂಡಳು. ಕೂತು ಉಣ್ಣುವುದು ಅವಳ ಜಾಯಮಾನವಲ್ಲ, ಹಾಗಾಗಿ ನಾವೂ ಬೇಡವೆನ್ನಲಿಲ್ಲ. ಲೋಟವನ್ನು ನೇರ ನನ್ನ ಕೈಗೇ ಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಬಾಗಿಲಿಗೆ ಒರಗಿ ನಿಂತಿರುತ್ತಿದ್ದಳು. ಅಕ್ಕನಿಗೆ ನಾನಿನ್ನೂ ಮೂಗು ಸೋರುವ ತಮ್ಮನೇ ಅಂತ ನನಗೆ ಒಳಗೊಳಗೇ ಹಿತವಾಗುತ್ತಿತ್ತು.

ಮೈ ಕೆಟ್ಟದ್ದು ಒಂದು ಶನಿವಾರ. ಹೆಂಡತಿ ತನ್ನ ಗುಟುಕು ಕುಡಿದು ಗ್ಲಾಸು ಕೊಟ್ಟಳು. ನಾನು ಇನ್ನೂ ಕಾಲು ಭಾಗ ಮುಗಿಸಿರಲಿಲ್ಲ, ಕಿವಿ ಬಿಸಿಯಾಯಿತು. ಆಮೇಲೆ ಕತ್ತು, ಎದೆ. ಒಳಗೆ ಯಾರೋ ಒಲೆ ಹಚ್ಚಿದ ಹಾಗೆ ಮುಖ ಉರಿಯತೊಡಗಿತು. ಎದೆ ದಬದಬ ಬಡಿದುಕೊಂಡಿತು, ತಲೆ ಸೀಳಿತು, ಬಚ್ಚಲಿಗೆ ಓಡಿ ಎಲ್ಲ ಕಕ್ಕಿದೆ. ಕನ್ನಡಿಯಲ್ಲಿ ನೋಡಿಕೊಂಡರೆ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತ್ತು.

"ಕಳ್ಳಮಾಲು ಕೊಟ್ಟಿದ್ದಾನೆ ಅಂಗಡಿಯೋನು" ಅಂತ ಬೈದು ಬಾಟಲಿಯನ್ನು ಸುರಿದುಬಿಟ್ಟೆ. ಮುಂದಿನ ಶನಿವಾರ ಬೇರೆ ಅಂಗಡಿಯ ಬಾಟಲಿ ಬಂತು. ಅದೇ ಉರಿ, ಅದೇ ಬಡಿತ. ನೆಲದ ಮೇಲೆ ಗೋಡೆಗೊರಗಿ ಕೂತಾಗ ಒಂದು ಮಾತು ಹೊಳೆದು ಮೈ ಜುಂ ಅಂದಿತು. ಅದೇ ಗ್ಲಾಸಿನಿಂದ ಅವಳೂ ಕುಡಿದಿದ್ದಾಳೆ, ಅವಳು ಒಲೆಯ ಮುಂದೆ ಏನೂ ಆಗದವಳ ಹಾಗೆ ನಿಂತಿದ್ದಾಳೆ. ಹಾಗಾದರೆ ಕೆಟ್ಟಿರುವುದು ರಮ್ಮಲ್ಲ, ನಾನು.

ನಮ್ಮ ಬೀದಿಯ ಡಾಕ್ಟರು ಎದೆ, ರಕ್ತ, ಎಲ್ಲ ನೋಡಿ ಏನೂ ತೊಂದರೆಯಿಲ್ಲ ಅಂದರು. ಎಷ್ಟು ಕುಡಿಯುತ್ತೀರಿ ಅಂತ ಕೇಳಿದರು. ಶನಿವಾರಕ್ಕೊಂದು ಗ್ಲಾಸು ಅಂದೆ. "ಎಲ್ಲರೂ ಅದನ್ನೇ ಹೇಳ್ತಾರೆ" ಅಂತ ಮುಗುಳ್ನಕ್ಕು, ಅದನ್ನೂ ಬಿಡಿ ಅಂದರು. ಬಿಟ್ಟೆ. ಗ್ಲಾಸನ್ನು ತೊಳೆದು ಕಪಾಟಿನ ಮೇಲಿನ ಅರೆಯಲ್ಲಿ ಬೋರಲು ಹಾಕಿದೆ. ಬೇಸರವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಶನಿವಾರ ಸಂಜೆ ಆ ಕುರ್ಚಿಯಲ್ಲಿ ಕೂತರೆ ಕೈಗಳನ್ನು ಎಲ್ಲಿಡಬೇಕು ಅಂತಲೇ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ಬೇಸಿಗೆಯಲ್ಲಿ ನಾವು ಪಾಲಿಶ್ ಮಾಡುವುದು ಮರಗೆಲಸದ ಅಂಗಡಿಯ ಅಂಗಳದಲ್ಲಿ, ತಗಡಿನ ಚಪ್ಪರದ ಕೆಳಗೆ, ಗಾಳಿಯಲ್ಲಿ. ಹವೆ ಒದ್ದೆಯಾದರೆ ಪಾಲಿಶ್ ಬೆಳ್ಳಗೆ ಬೂಸ್ಟು ಹಿಡಿದ ಹಾಗಾಗುತ್ತದೆ, ಅದಕ್ಕೆ ಒಳಕೋಣೆಗೆ ಹೋಗಿ ಕಿಟಕಿ ಬಾಗಿಲು ಮುಚ್ಚಿ ಕೆಲಸ ಮಾಡಬೇಕು. ಕೋಣೆ ತುಂಬ ಸ್ಪಿರಿಟ್ಟಿನ ವಾಸನೆ. ಅದು ನನಗೆ ತಾಯಿಯ ಸೆರಗಿನ ವಾಸನೆಯಷ್ಟೇ ಹಳೆಯದು. ಒಳಗೆ ಕೂತ ಮೊದಲ ದಿನವೇ ಒಂದು ಕುರ್ಚಿಯ ಬೆನ್ನು ಮುಗಿಯುವ ಮುಂಚೆ ಕಿವಿ ಬಿಸಿಯಾಯಿತು.

ನಮ್ಮ ಬಡಗಿಯನ್ನು ಎಲ್ಲರೂ ಮೊಳೆ ಅಂತಲೇ ಕರೆಯುವುದು. ಸದಾ ತುಟಿಯ ನಡುವೆ ನಾಲ್ಕು ಮೊಳೆ ಕಚ್ಚಿಕೊಂಡೇ ಮಾತಾಡುತ್ತಾನೆ. ಅವನು ನನ್ನ ಮುಖ ನೋಡಿ ಮೊಳೆಗಳನ್ನು ಕೈಗೆ ಉಗುಳಿಕೊಂಡ. "ಬೆಳಗ್ಗೇನೇ ಹಾಕ್ಕೊಂಡು ಬಂದಿದ್ದೀಯಲ್ಲೋ" ಅಂದ.

"ಹನಿ ಮುಟ್ಟಿಲ್ಲ."

"ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಅಂದ್ರೆ ಯಾರು ನಂಬ್ತಾರೆ, ಹೇಳು."

ಅವನೇ ನಂಬದ ಮೇಲೆ ಮನೆಯಲ್ಲಿ ಯಾರು ನಂಬುತ್ತಾರೆ? ಸಂಜೆ ಕೆಂಪು ಕಣ್ಣು, ಕೆಂಪು ಮುಖ ಹೊತ್ತು ಬಂದವನ ಅಂಗಿಯಿಂದ ಸ್ಪಿರಿಟ್ಟು ನಾರುತ್ತಿತ್ತು. ಮದುವೆಯಾದಾಗಿನಿಂದ ನಾರುತ್ತಲೇ ಇದೆ, ಆದರೆ ಈಗ ಅದಕ್ಕೆ ಬೇರೆ ಅರ್ಥ ಬಂದಿತ್ತು. ಅಕ್ಕ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದಳು. ಹೆಂಡತಿ ಹತ್ತಿರ ಬಂದು, ಅಂಗಿಯ ಗುಂಡಿ ಬಿಚ್ಚುವ ನೆಪದಲ್ಲಿ ನನ್ನ ಬಾಯಿ ಮೂಸುತ್ತಿದ್ದಳು.

"ಕುಡಿದಿಲ್ಲ ಕಣೇ."

"ನಾನು ಕೇಳಿದ್ನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪಾಡು. ಕೇಳುವ ಮುಂಚೆಯೇ ಆಣೆ ಹಾಕುತ್ತಿದ್ದೆ. ಆಣೆ ಹಾಕಿದಷ್ಟೂ ಅಕ್ಕನ ಮುಖ ಕಲ್ಲಾಗುತ್ತಿತ್ತು. "ಅವರೂ ನನ್ನ ತಲೆ ಮೇಲೆ ಕೈಯಿಟ್ಟೇ ಹೇಳ್ತಿದ್ರು" ಅಂದಳು ಒಂದು ದಿನ, ನನ್ನ ಕಡೆ ತಿರುಗದೆ.

ಆ ದಿನಗಳಲ್ಲೇ ನನ್ನ ಹೆಂಡತಿ ಮೊದಲ ಗುಟುಕು ನಿಲ್ಲಿಸಿದಳು. ಮಲಗುವ ಮುಂಚಿನ ಹಾಲನ್ನು ತಂದು ಪಕ್ಕದಲ್ಲಿಟ್ಟು, ಮುಟ್ಟದೆ, ಹಾಸಿಗೆಯ ಅಂಚಿನಲ್ಲಿ ಕೂರುತ್ತಿದ್ದಳು. ಮುನಿಸಿಕೊಂಡಿದ್ದಾಳೆ ಅಂದುಕೊಂಡೆ. "ಸಕ್ಕರೆ ನೋಡಲ್ವಾ?" ಅಂದರೆ "ಸರಿಯಾಗಿದೆ, ಕುಡೀರಿ" ಅನ್ನುತ್ತಿದ್ದಳು. ಅವಳನ್ನು ಮತ್ತೆ ಒಲಿಸಿಕೊಳ್ಳಬೇಕು ಅನ್ನುವ ಆಸೆಗೆ, ಹಾಲನ್ನು ಕೊನೆಯ ಹನಿಯವರೆಗೂ ಕುಡಿದು ಖಾಲಿ ಲೋಟ ತೋರಿಸುತ್ತಿದ್ದೆ.

ದಿನ ಹೋದ ಹಾಗೆ ಹೆಚ್ಚಾಯಿತು. ಕ್ಷೌರದವನು ಗಡ್ಡ ಕೆರೆದು ಕೆನ್ನೆಗೆ ಲೋಷನ್ ಸವರಿದರೆ ಸಾಕು, ಕೆನ್ನೆ ಕೆಂಡವಾಗುತ್ತಿತ್ತು. ಭಾನುವಾರ ಮನೆಯಲ್ಲಿದ್ದರೆ ಚೆನ್ನಾಗಿಯೇ ಇರುತ್ತಿದ್ದೆ. ಸೋಮವಾರ ಒಳಕೋಣೆಗೆ ಕಾಲಿಟ್ಟರೆ ಎದೆ ಹೊಡೆದುಕೊಳ್ಳುತ್ತಿತ್ತು. ಭಯವಾಯಿತು. ಸಾಯುವ ಭಯ ಒಂದು ಕಡೆ, ಸತ್ತರೂ ಇವರೆಲ್ಲ "ಕುಡಿದು ಸತ್ತ" ಅನ್ನುತ್ತಾರಲ್ಲ ಅನ್ನುವ ಭಯ ಇನ್ನೊಂದು ಕಡೆ. ಎರಡನೆಯದೇ ಹೆಚ್ಚು ಸುಡುತ್ತಿತ್ತು.

ಆ ಹೊತ್ತಿಗೆ ದೊಡ್ಡ ಮೇಜೊಂದು ಬಂತು. ಹನ್ನೆರಡು ಜನ ಕೂತು ಉಣ್ಣುವಂಥದ್ದು, ಕಪ್ಪು ಮರ. ಹೊರಗೆ ಜಡಿಮಳೆ. ಕಿಟಕಿಯ ಸಂದಿಗೆ ಬಟ್ಟೆ ತುರುಕಿ, ಬಾಗಿಲೆಳೆದುಕೊಂಡು, ಅಗಲದ ತಟ್ಟೆಯಲ್ಲಿ ಸ್ಪಿರಿಟ್ಟು ಸುರಿದುಕೊಂಡು ಶುರುಮಾಡಿದೆ. ಮೇಜಿನ ಅರ್ಧ ಕನ್ನಡಿಯಾಯಿತು. ಅದರಲ್ಲಿ ನನ್ನ ಮುಖ ಕಂಡಿತು, ಊದಿಕೊಂಡು, ಕೆಂಪಗೆ, ಭಾವನ ಕೊನೆಯ ದಿನಗಳ ಮುಖದ ಹಾಗೆ. ಉಸಿರು ಎಳೆದುಕೊಂಡೆ, ಸಾಲಲಿಲ್ಲ. ಇನ್ನೂ ಜೋರಾಗಿ ಎಳೆದುಕೊಂಡೆ. ಎಳೆದಷ್ಟೂ ಉರಿ ಒಳಗೆ ಹೋಯಿತು. ಕೈಯಲ್ಲಿದ್ದ ಉಂಡೆ ಜಾರಿ ಬಿದ್ದದ್ದು ನೆನಪಿದೆ, ಹಸಿ ಪಾಲಿಶಿನ ಮೇಲೆ ಕೈ ಊರಿದ್ದು ನೆನಪಿದೆ. ಮೊಳೆ ಬಾಗಿಲು ಒದ್ದು ಒಳಗೆ ಬಂದನಂತೆ, ಆಗ ನನ್ನ ತುಟಿ ನೀಲಿಯಾಗಿತ್ತಂತೆ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮಂಚದ ಒಂದು ಕಡೆ ಅಕ್ಕ, ಇನ್ನೊಂದು ಕಡೆ ಹೆಂಡತಿ ನಿಂತಿದ್ದರು. ಡಾಕ್ಟರಮ್ಮ ಅವರಿಬ್ಬರನ್ನೂ ನೋಡುತ್ತಿದ್ದರು. "ರಕ್ತ ನೋಡಿದೆ, ಇವರು ಕುಡಿದಿಲ್ಲ. ಆದ್ರೆ ಕುಡಿತ ಬಿಡಿಸೋಕೆ ಇವರಿಗೆ ಏನೋ ಕೊಡ್ತಾ ಇದ್ದೀರಿ. ಏನು ಅದು?"

ಅಕ್ಕ ಮಂಚದ ಕಾಲ ಬಳಿ ಕುಸಿದು ಕೂತಳು. ಮೋರಿಗೆ ಸುರಿದೆ ಅಂದದ್ದು ಸುಳ್ಳು. ಭಾವನಿಗೆ ಅಂತ ತಂದ ಪುಡಿ ಟ್ರಂಕಿನಲ್ಲೇ ಇತ್ತು. "ಬೆಳಗಿನ ಕಾಫಿಗೆ ಒಂದು ಚಿಟಿಕೆ. ನನ್ನ ತಮ್ಮ ಉಳೀಲಿ ಅಂತ. ದೇವರಾಣೆ, ಒಂದೇ ಚಿಟಿಕೆ."

ಆ ಮದ್ದು ಮೈಯಲ್ಲಿದ್ದರೆ ಹೆಂಡ ಕುಡಿಯಲೇಬೇಕೆಂದಿಲ್ಲ, ಸ್ಪಿರಿಟ್ಟಿನ ಗಾಳಿ ಒಳಗೆ ಹೋದರೂ ಸಾಕು, ಮೈಗೆ ವಿಷವಾಗುತ್ತದೆ ಅಂತ ಡಾಕ್ಟರಮ್ಮ ವಿವರಿಸಿದರು. ಆಮೇಲೆ ತಲೆ ಅಲ್ಲಾಡಿಸಿದರು. "ಆದ್ರೆ ಒಂದು ಚಿಟಿಕೆಗೆ ಈ ಮಟ್ಟಕ್ಕೆ ಹೋಗಲ್ಲಮ್ಮ. ನಿಜ ಹೇಳಿ."

"ಒಂದೇ ಚಿಟಿಕೆ!" ಅಕ್ಕ ಕಿರುಚಿದಳು. "ಇವನ ತಲೆ ಮುಟ್ಟಿ ಹೇಳ್ತೀನಿ, ಬೇಕಾದ್ರೆ..."

ಮಂಚದ ಇನ್ನೊಂದು ಕಡೆಯಿಂದ ನನ್ನ ಹೆಂಡತಿ ಕೈ ಚಾಚಿ ಅವಳನ್ನು ತಡೆದಳು.

"ಹಾಲಿಗೆ" ಅಂದಳು. "ರಾತ್ರಿ ಹಾಲಿಗೆ ನಾನು ಹಾಕ್ತಿದ್ದೆ. ಅತ್ತಿಗೆ ಹೇಳಿದ ಪುಡೀನೇ, ಹುಡುಕಿ ತರಿಸ್ಕೊಂಡೆ. ದಿನಾ ಕೆಂಪಗೆ ಬರ್ತಿದ್ರಲ್ಲ, ಸಾಲ್ತಾ ಇಲ್ಲ ಅಂತ ಇನ್ನೂ ಸ್ವಲ್ಪ ಹಾಕಿದೆ. ಆಮೇಲೆ ಇನ್ನೂ ಸ್ವಲ್ಪ."

ಅಕ್ಕ ತಲೆಯೆತ್ತಿ ಅವಳನ್ನು ನೋಡಿದಳು. ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೆಲಸ ಮಾಡಿದ ಇಬ್ಬರು ಹೆಂಗಸರು, ಒಬ್ಬರ ಡಬ್ಬಿ ಇನ್ನೊಬ್ಬರಿಗೆ ಗೊತ್ತಿಲ್ಲ. ನನಗೆ ಕೋಪ ಬರಬೇಕಿತ್ತು. ಬಂದದ್ದು ಅಳು.

ಈಗ ಎಲ್ಲ ಸರಿಹೋಗಿದೆ. ಮದ್ದು ಮೈಯಿಂದ ಇಳಿದಿದೆ, ಮೊದಲಿನ ಹಾಗೆ ಒಳಕೋಣೆಯಲ್ಲಿ ಕೂತು ಉಜ್ಜುತ್ತೇನೆ, ಕಿವಿ ತಣ್ಣಗಿರುತ್ತದೆ. ಆ ಮೇಜಿನ ಮೇಲೆ ಊರಿದ ಕೈಯ ಗುರುತನ್ನು ಕೆರೆದು ತೆಗೆದು ಮತ್ತೆ ಪಾಲಿಶ್ ಹಾಕಿಕೊಟ್ಟೆ. ಅಕ್ಕ ಅಡುಗೆಮನೆಯ ಹೊಸಿಲು ದಾಟುವುದಿಲ್ಲ. ಕಾಳು ಆರಿಸುವುದಿದ್ದರೂ ಹೊರಗೇ ಕೂರುತ್ತಾಳೆ. ಶನಿವಾರದ ಗ್ಲಾಸು ಮತ್ತೆ ಕಪಾಟಿನಿಂದ ಇಳಿದಿದೆ. ಬಾಟಲಿಯ ಮುಚ್ಚಳವನ್ನು ನಾನೇ ಒಡೆಯುತ್ತೇನೆ, ಬಿಸಿನೀರನ್ನು ನಾನೇ ಕಾಯಿಸಿಕೊಳ್ಳುತ್ತೇನೆ. ನಗು ಬರುತ್ತದೆ, ನನ್ನ ಮನೆಯಲ್ಲಿ ನಾನು ಭಯವಿಲ್ಲದೆ ಕುಡಿಯುವುದು ಅದೊಂದನ್ನೇ.

ಹೆಂಡತಿ ಮೊದಲ ಗುಟುಕನ್ನು ಮತ್ತೆ ಶುರುಮಾಡಿದ್ದಾಳೆ. ಕಾಫಿ, ಟೀ, ಹಾಲು, ನೀರು ಕೂಡ. ನಾನು ಹೇಳಿಲ್ಲ. ನನ್ನೆದುರು ನಿಂತು, ನನಗೆ ಕಾಣುವ ಹಾಗೆ ಕುಡಿದು ಲೋಟ ಕೊಡುತ್ತಾಳೆ. ಸಕ್ಕರೆಯ ಮಾತೆತ್ತುವುದಿಲ್ಲ. ನಾನು ಅವಳ ಮುಖ ನೋಡುವುದಿಲ್ಲ, ಗಂಟಲು ನೋಡುತ್ತೇನೆ. ಗುಟುಕು ಕೆಳಗಿಳಿದ ಮೇಲೆ ಕೈ ಚಾಚುತ್ತೇನೆ.

ಇವತ್ತು ಬೆಳಗ್ಗೆ ಹಾಲಿನವಳು ಬಾಗಿಲಲ್ಲಿ ಕೂಗಿದಳು. ಹೆಂಡತಿ ಅವಸರದಲ್ಲಿ ಕಾಫಿಯನ್ನು ನನ್ನ ಮುಂದಿಟ್ಟು ಹಾಗೇ ಹೊರಟುಹೋದಳು. ನಾನು ಕೂತಿದ್ದೆ. ಕುಡಿಯೋ ಮಾರಾಯ, ನಿನ್ನ ಹೆಂಡತಿ ಅಲ್ಲವೇನೋ, ಅಂದುಕೊಂಡೆ. ಕೈ ಏಳಲಿಲ್ಲ. ಕಾಫಿಯ ಮೇಲೆ ಕೆನೆ ಕಟ್ಟಿತು.

ಅವಳು ಹಿಂದಿರುಗಿ ಬಂದು ತುಂಬಿದ ಲೋಟ ನೋಡಿದಳು. ನನ್ನನ್ನು ನೋಡಿದಳು. ಲೋಟ ಎತ್ತಿ, ನಿಂತಲ್ಲೇ, ತಣ್ಣಗಾದ ಕಾಫಿಯನ್ನು ತಳದವರೆಗೆ ಕುಡಿದು, ಖಾಲಿ ಲೋಟವನ್ನು ನನಗೆ ತೋರಿಸಿದಳು.

"ಬೇರೆ ಮಾಡಿಕೊಡ್ತೀನಿ" ಅಂದಳು.

ನಾನು ಬೇಡ ಅನ್ನಲಿಲ್ಲ.